ನಾನು ಟುವಾಲು ಬರೆದ ಚಳಿಗಾಲ

ಹೋದ ತಿಂಗಳು ಸೆಂಟರ್‌ವಿಲ್‌ನ ಕೊರಿಯನ್ ಅಂಗಡಿಯಲ್ಲಿ ತರಕಾರಿ ಆರಿಸುತ್ತಿದ್ದೆ. ಮೂಲಂಗಿಯ ಪಕ್ಕದಲ್ಲಿ ಕೆಸುವಿನ ಗೆಡ್ಡೆ ರಾಶಿ ಹಾಕಿದ್ದರು. ಒಂದನ್ನು ಕೈಗೆತ್ತಿಕೊಂಡಾಗ ಅದಕ್ಕೆ ಮೆತ್ತಿಕೊಂಡಿದ್ದ ಒದ್ದೆ ಮಣ್ಣಿನ ವಾಸನೆ ಮೂಗಿಗೆ ಬಡಿಯಿತು. ನಮ್ಮ ಕೆ.ಆರ್. ನಗರದ ಕಡೆ ಬಚ್ಚಲ ನೀರು ಹರಿಯುವ ಜಾಗದಲ್ಲೆಲ್ಲ ತಾನಾಗಿ ಬೆಳೆಯುವ ಗೆಡ್ಡೆ ಅದು. ಆದರೆ ಅವತ್ತು ನನಗೆ ನೆನಪಾದದ್ದು ಕೆ.ಆರ್. ನಗರವಲ್ಲ, ನಾನೆಂದೂ ಕಾಲಿಡದ, ಬಹುಶಃ ಮುಂದೂ ಕಾಲಿಡದ ಟುವಾಲು ಎಂಬ ದೇಶ. ಗೆಡ್ಡೆ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ, ಹಿಂದಿದ್ದ ಅಜ್ಜಿಯೊಬ್ಬರು ತಮ್ಮ ಗಾಡಿಯಿಂದ ಮೆಲ್ಲಗೆ ನನ್ನನ್ನು ತಿವಿದು ಮುಂದೆ ಹೋದರು.

ಅದು ೨೦೨೦ ಮುಗಿದು ೨೧ ಹುಟ್ಟಿದ ಚಳಿಗಾಲ. ನಾನು ಹರ್ನ್‌ಡನ್‌ನ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಇದ್ದೆ. ನನ್ನ ಗಂಡ ಶ್ರೀಧರ ಮತ್ತು ಮೂರು ವರ್ಷದ ಮಗಳು ಚಿನ್ನು ಮೈಸೂರಿನಲ್ಲಿದ್ದರು. ಶ್ರೀಧರನ ಅಕ್ಕನ ಮನೆಯ ಗೃಹಪ್ರವೇಶಕ್ಕೆಂದು ಹಿಂದಿನ ಫೆಬ್ರವರಿಯಲ್ಲಿ ಹೋದವರು. ಬರುವಾಗ ಚೆನ್ನೈಯಲ್ಲಿ ವೀಸಾ ಸ್ಟ್ಯಾಂಪಿಂಗ್ ಮಾಡಿಸಿಕೊಂಡು, ಮೂರೇ ವಾರದಲ್ಲಿ ವಾಪಸ್ಸು ಎಂದು ಲೆಕ್ಕ. ಅಷ್ಟರಲ್ಲಿ ಕೊರೋನಾ ಬಂತು, ಕಾನ್ಸುಲೇಟ್ ಬಾಗಿಲು ಹಾಕಿತು. ನಾನು ಮಾತ್ರ ರಜೆ ಸಿಗದೆ ಇಲ್ಲೇ ಉಳಿದಿದ್ದೆ. ರಜೆ ಸಿಕ್ಕಿದ್ದರೆ ನಾನೂ ಅಲ್ಲೇ ಸಿಕ್ಕಿಕೊಳ್ಳುತ್ತಿದ್ದೆ, ಕೆಲಸ ಹೋಗುತ್ತಿತ್ತು, ಆದರೆ ಮೂರೂ ಜನ ಒಂದೇ ಮನೆಯಲ್ಲಿ ಇರುತ್ತಿದ್ದೆವು ಎಂದು ದಿನಕ್ಕೆ ಹತ್ತು ಸಲ ಅನ್ನಿಸುತ್ತಿತ್ತು.

ಚಿನ್ನು ಅಲ್ಲಿ ತನ್ನ ಅತ್ತೆಯ, ಅಂದರೆ ಶ್ರೀಧರನ ಅಕ್ಕನ ಜೊತೆ ಮಲಗುತ್ತಿದ್ದಳು, ಅತ್ತೆಯ ಕೈಯಲ್ಲೇ ತಿನ್ನುತ್ತಿದ್ದಳು. ದೀಪಾವಳಿ ಹೊತ್ತಿಗೆ ಅತ್ತೆಯನ್ನು ಅಮ್ಮ ಎನ್ನಲು ಶುರು ಮಾಡಿದಳು. ನಾನು ವಿಡಿಯೋ ಕಾಲ್ ಮಾಡಿದಾಗ ಒಳಗೆ ಓಡಿ, "ಅಮ್ಮಾ, ಫೋನಮ್ಮ ಬಂದ್ಲು!" ಎಂದು ಕೂಗುತ್ತಿದ್ದಳು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಕಾಲ್ ಮುಗಿಸಿ ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಅಳುತ್ತಿದ್ದೆ. ಮನೆಯಲ್ಲಿ ಕೇಳಿಸಿಕೊಳ್ಳುವವರೇ ಇಲ್ಲದಿದ್ದರೂ ನಲ್ಲಿ ಯಾಕೆ ತಿರುಗಿಸುತ್ತಿದ್ದೆನೋ ಗೊತ್ತಿಲ್ಲ.

ನನ್ನ ಕೆಲಸ ದೇಶಗಳನ್ನು ಬರೆಯುವುದು. ಹೀಗೆ ಹೇಳಿದರೆ ದೊಡ್ಡದಾಗಿ ಕೇಳಿಸುತ್ತದೆ, ಅಷ್ಟೇನಿಲ್ಲ. ನಮ್ಮ ಕಂಪನಿ ಜಗತ್ತಿನ ಎಲ್ಲ ದೇಶಗಳ ಒಂದೊಂದು ಪುಟದ ಪರಿಚಯ ಮತ್ತು ಊರುಗಳ ಪಟ್ಟಿ ಇಟ್ಟುಕೊಂಡು ಬೇರೆ ಬೇರೆ ಕಚೇರಿಗಳಿಗೆ ಕೊಡುತ್ತಿತ್ತು. ಮೈಸೂರಿನಲ್ಲಿ ಭೂಗೋಳ ಓದಿ ನಕ್ಷೆಯ ಕೆಲಸ ಕಲಿತಿದ್ದ ನನ್ನಂಥವರು ಐದಾರು ಜನ ಕಾಂಟ್ರಾಕ್ಟ್ ಮೇಲಿದ್ದೆವು. ಫ್ರಾನ್ಸು, ಬ್ರೆಜಿಲ್ಲುಗಳಿಗೆ ಹಳಬರ ನಡುವೆ ಪೈಪೋಟಿ. ಯಾರಿಗೂ ಬೇಡವಾದ ಪೆಸಿಫಿಕ್ ದ್ವೀಪಗಳು ನನ್ನ ಪಾಲಿಗೆ ಬಂದವು. ಅದರಲ್ಲೂ ಅತಿ ಸಣ್ಣದು ಟುವಾಲು.

ಬೇರೆ ದೇಶವಾದರೆ ಎರಡು ದಿನದಲ್ಲಿ ಮುಗಿಸುತ್ತಿದ್ದೆ. ಟುವಾಲುವಿನಲ್ಲಿ ಮೂರು ವಾರ ಇದ್ದೆ. ಇದ್ದೆ ಎಂದೇ ಹೇಳಬೇಕು, ಯಾಕೆಂದರೆ ಬೇರೆಲ್ಲೂ ನಾನು ಇರಲಿಲ್ಲ. ಹೊರಗೆ ಎಲೆ ಉದುರಿದ ಮರಗಳು, ಯಾರೂ ಇಳಿಯದ ಪಾರ್ಕಿಂಗ್ ಲಾಟ್, ಹತ್ತಿರದ ಡಲ್ಲಸ್ ಏರ್‌ಪೋರ್ಟಿಗೆ ಅಪರೂಪಕ್ಕೊಂದು ವಿಮಾನ. ಒಳಗೆ ಪರದೆಯ ಮೇಲೆ ಒಂಬತ್ತು ದ್ವೀಪ. ಹೊಳೆಯಿಲ್ಲ, ಬೆಟ್ಟವಿಲ್ಲ. ಮಳೆ ನೀರನ್ನೇ ತೊಟ್ಟಿ ತುಂಬಿಸಿಟ್ಟುಕೊಂಡು ಕುಡಿಯಬೇಕು. ನೆಲ ಎಷ್ಟು ಕಿರಿದೆಂದರೆ ಕೆಲವು ಕಡೆ ರಸ್ತೆಯಲ್ಲಿ ನಿಂತರೆ ಎಡಕ್ಕೂ ಸಮುದ್ರ, ಬಲಕ್ಕೂ ಸಮುದ್ರ. ಮರಳಿನಲ್ಲಿ ಆಳವಾಗಿ ಹೊಂಡ ತೋಡಿ, ಅಡಿಯ ಸಿಹಿನೀರಿಗೆ ಸೊಪ್ಪು ಹಾಕಿ ಕೊಳೆಸಿ, ಅದರಲ್ಲಿ ಕೆಸು ಬೆಳೆಯುತ್ತಾರೆ. ಸಮುದ್ರ ಉಕ್ಕಿ ಹೊಂಡಕ್ಕೆ ಉಪ್ಪು ನುಗ್ಗಿದರೆ ವರ್ಷಗಳ ಗೆಡ್ಡೆ ಕೊಳೆತುಹೋಗುತ್ತದೆ. ರಾಜಧಾನಿ ಫುನಾಫುಟಿಯಲ್ಲಿ ಸಂಜೆಯಾದರೆ ವಿಮಾನ ಇಳಿಯುವ ಹಾದಿಯ ಮೇಲೇ ಊರಿನವರು ಚೆಂಡಾಡುತ್ತಾರೆ, ಚಾಪೆ ಹಾಸಿ ಮಲಗುತ್ತಾರೆ. ನಾನು ಭಾನುವಾರ ಸಂಜೆ ಒಬ್ಬಳೇ ಮ್ಯಾಗಿ ತಿನ್ನುವಾಗ ಅಲ್ಲಿ ಸೋಮವಾರ ಬೆಳಿಗ್ಗೆ. ನನ್ನ ಭಾನುವಾರವನ್ನು ಅವರು ಆಗಲೇ ಮುಗಿಸಿ ಆಗಿದೆ ಎಂಬುದು ಒಂದು ಥರದ ಸಮಾಧಾನ ಕೊಡುತ್ತಿತ್ತು.

ಟುವಾಲು ಎಂದರೆ ಎಂಟು ಜೊತೆಯಾಗಿ ನಿಂತದ್ದು ಎಂದು ಅರ್ಥ. ದ್ವೀಪ ಒಂಬತ್ತಿದ್ದರೂ ಹೆಸರಿನಲ್ಲಿ ಎಂಟೇ. ಒಂಬತ್ತನೆಯದಾದ ನಿಯುಲಕಿತದಲ್ಲಿ ಹಿಂದೆ ಜನವಸತಿ ಇರಲಿಲ್ಲ, ಆಮೇಲೆ ಬೇರೆ ದ್ವೀಪದವರು ಹೋಗಿ ನೆಲೆಸಿದರು. ಅಲ್ಲಿರುವುದು ಬೆರಳೆಣಿಕೆಯ ಮನೆಗಳು.

ಪಟ್ಟಿ ಅಚ್ಚುಕಟ್ಟಾಗಿರಲಿ ಎಂದು ನಾನು ಎರಡು ನಿಯಮ ಬರೆದೆ. ಒಂದು, ಜನಸಂಖ್ಯೆಯನ್ನು ಹತ್ತಿರದ ನೂರಕ್ಕೆ ಸರಿಮಾಡಿ ಬರೆಯುವುದು. ಎರಡು, ಜನಸಂಖ್ಯೆ ಸೊನ್ನೆ ಇರುವ ಜಾಗಗಳನ್ನು ಊರುಗಳ ಪಟ್ಟಿಯಿಂದ ತೆಗೆಯುವುದು. ಒಂದೊಂದಾಗಿ ನೋಡಿದರೆ ಎರಡೂ ಸರಿಯೇ. ಎರಡನ್ನೂ ಒಟ್ಟಿಗೆ ಓಡಿಸಿದಾಗ ಬೆರಳೆಣಿಕೆಯ ಜನ ಸೊನ್ನೆಯಾದರು, ಸೊನ್ನೆಯಾದ ಊರು ಪಟ್ಟಿಯಿಂದ ಹೋಯಿತು. ನಮ್ಮ ಮ್ಯಾನೇಜರ್ ಡೆನಿಸ್ ಪುಟ ತುಂಬ ಕ್ಲೀನಾಗಿದೆ ಎಂದು ಹೊಗಳಿದ. ನಾನು ಉಬ್ಬಿದೆ.

ಜನವರಿ ಕೊನೆಯಲ್ಲಿ, ತಪ್ಪು ತಿಳಿಸಲು ಪುಟದ ಕೆಳಗಿದ್ದ ಡಬ್ಬಿಗೆ ಒಂದು ಸಂದೇಶ ಬಂತು. ಇಂಗ್ಲಿಷಿನಲ್ಲಿ ನಾಲ್ಕು ಸಾಲು. ನಿಮ್ಮ ಪಟ್ಟಿಯಲ್ಲಿ ನಿಯುಲಕಿತ ಇಲ್ಲ. ಅಲ್ಲಿ ಜನರಿಲ್ಲ ಎಂದು ಪುಟ ಹೇಳುತ್ತದೆ. ನನ್ನ ಹೆಂಡತಿ, ಮಗಳು, ತಮ್ಮ ಅಲ್ಲೇ ಇದ್ದಾರೆ. ದಯವಿಟ್ಟು ನೋಡಿ. ಕೆಳಗೆ ತವಿತಾ ಎಂದು ಹೆಸರು.

ನಾನು ಹೆಂಡತಿ ಎಂಬ ಪದವನ್ನು ಓದಿಕೊಳ್ಳಲೇ ಇಲ್ಲ. ಸವಿತಾ, ಕವಿತಾ ಇದ್ದಂತೆ ತವಿತಾ ಎಂದುಕೊಂಡು, ಮಗಳಿಂದ ದೂರವಿರುವ ಒಬ್ಬಳು ತಾಯಿ ಎಂದು ತೀರ್ಮಾನಿಸಿ, ಸ್ವಂತ ಫೋನ್ ನಂಬರ್ ಹಾಕಿ ಮಾರುದ್ದದ ಉತ್ತರ ಬರೆದೆ. ಚಿನ್ನು, ಫೋನಮ್ಮ, ಮ್ಯಾಗಿ ಯಾವುದನ್ನೂ ಬಿಡಲಿಲ್ಲ. ಮರುದಿನ ಫೋನಿನಲ್ಲಿ ಗುಡುಗಿನಂಥ ಗಂಡುದನಿ "ಸಿಸ್ಟರ್ ವಿನುತಾ?" ಎಂದಾಗ ಕಾಫಿ ಲೋಟ ಕೈ ಜಾರಿತು. ಅವರ ಕಡೆ ಡೇವಿಡ್‌ಗೆ ತವಿತಾ ಎನ್ನುತ್ತಾರಂತೆ. ಶ್ರೀಧರನಿಗೆ ಹೇಳಿದಾಗ ಅವನು, "ಸರಿ ಹೋಯ್ತು ಕಣೇ, ಇಲ್ಲಿ ನಾವು ಕ್ವಾರಂಟೈನಲ್ಲಿ ಕೂತಿದ್ರೆ ನೀನು ಅಲ್ಲಿ ನಾವಿಕನ ಜೊತೆ ಫ್ರೆಂಡ್‌ಶಿಪ್ ಮಾಡ್ಕೊಂಡ್ಯಾ?" ಎಂದು ರೇಗಿಸಿದ.

ತವಿತಾ ಸರಕು ಹಡಗಿನಲ್ಲಿ ಕೆಲಸಕ್ಕಿದ್ದ. ಅವನ ಕಾಂಟ್ರಾಕ್ಟ್ ಮುಗಿದು ಎಷ್ಟೋ ತಿಂಗಳಾಗಿತ್ತು. ಕೊರೋನಾ ಭಯಕ್ಕೆ ಯಾವ ಬಂದರಿನಲ್ಲೂ ಇಳಿಯಲು ಬಿಡುತ್ತಿರಲಿಲ್ಲ, ಅವನ ದೇಶವೂ ಗಡಿ ಮುಚ್ಚಿತ್ತು. ಹಡಗು ಈಗ ಬಾಲ್ಟಿಮೋರಿನಲ್ಲಿ ಕಲ್ಲಿದ್ದಲು ತುಂಬಿಸಿಕೊಳ್ಳುವ ಸರದಿಗೆ ಕಾಯುತ್ತ, ಅನಾಪೊಲಿಸ್ ಎದುರಿನ ಕೊಲ್ಲಿಯಲ್ಲಿ ಲಂಗರು ಹಾಕಿತ್ತು. ನನ್ನ ಮನೆಯಿಂದ ಒಂದು ಗಂಟೆಯ ಡ್ರೈವ್. ನಾನು ಭೂಮಿಯ ಆಚೆ ಬದಿ ಎಂದುಕೊಂಡು ಬರೆಯುತ್ತಿದ್ದ ದೇಶದವನೊಬ್ಬ ಅಷ್ಟು ಹತ್ತಿರದಲ್ಲಿ ತೇಲುತ್ತಿದ್ದ.

ಅವನು ಹಡಗು ಹತ್ತಿದ ಮೇಲೆ ಮಗಳು ಹುಟ್ಟಿದ್ದಳು. ಅವನು ಅವಳನ್ನು ಎತ್ತಿಕೊಂಡೇ ಇರಲಿಲ್ಲ. ಈಗ ಅವಳು ಅವನ ತಮ್ಮನನ್ನು ಅಪ್ಪ ಎನ್ನುತ್ತಾಳಂತೆ. ತಮ್ಮನೇ ತೆಂಗಿನ ಮರ ಹತ್ತಿ ನೀರಾ ಇಳಿಸಿ ಕುಡಿಸುತ್ತಾನಂತೆ. "ಅವನ ತಪ್ಪಿಲ್ಲ. ಮಗು ಇರೋರನ್ನ ತಾನೇ ಕರೆಯೋದು," ಎಂದ. ಶ್ರೀಧರನ ಅಕ್ಕನ ಮೇಲೆ ಒಳಗೊಳಗೇ ಹಲ್ಲು ಕಡಿಯುತ್ತಿದ್ದ ನನಗೆ ನಾಚಿಕೆಯಾಯಿತು. ಆಮೇಲೆ ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಹತ್ತು ನಿಮಿಷ ಮಾತಾಡುತ್ತಿದ್ದೆವು. ಅವನು ಕೆಸುವನ್ನು ಬೇಯಿಸುವ ಬಗೆ ಹೇಳಿದರೆ ನಾನು ಗಂಟಲು ತುರಿಸದಂತೆ ಹುಣಸೆಹುಳಿ ಹಾಕುವುದನ್ನು ಹೇಳುತ್ತಿದ್ದೆ. ನಿಮ್ಮ ದ್ವೀಪ ದೇಶದ ಹೆಸರಿನಲ್ಲೇ ಇಲ್ಲವಲ್ಲ ಎಂದು ಒಮ್ಮೆ ಛೇಡಿಸಿದೆ. "ಹೌದು ಸಿಸ್ಟರ್, ಎಂಟು ಜನ ನಿಂತಿದಾರೆ, ನಾವು ಹಿಂದೆ ಕೂತಿದೀವಿ," ಎಂದು ನಕ್ಕ.

ಅವನು ಬರೆದದ್ದು ಬರೀ ಪುಟದ ತಪ್ಪು ಹೇಳಲಿಕ್ಕಲ್ಲ ಎಂದು ಆಮೇಲೆ ಗೊತ್ತಾಯಿತು. ಸಿಕ್ಕಿಕೊಂಡ ನಾವಿಕರನ್ನು ಫಿಜಿ ಮೂಲಕ ಊರಿಗೆ ಮುಟ್ಟಿಸಲು ಒಂದು ತಂಡ ಹೊರಡುವುದಿತ್ತು. ಅದಕ್ಕೆ ಹೆಸರು ಕೊಡುವ ಫಾರಂನಲ್ಲಿ ಸ್ವಂತ ಊರು ಆರಿಸಬೇಕು. ಆ ಫಾರಂ ನಮ್ಮ ಕಂಪನಿಯ ಪಟ್ಟಿಯಿಂದಲೇ ಊರುಗಳನ್ನು ತೆಗೆದುಕೊಳ್ಳುತ್ತಿತ್ತು. ನನಗದು ಗೊತ್ತೇ ಇರಲಿಲ್ಲ. ನಾನು ಅಳಿಸಿದ್ದು ಪುಟದ ಒಂದು ಸಾಲನ್ನಲ್ಲ, ಅವನು ಮನೆಗೆ ಹೋಗುವ ದಾರಿಯನ್ನು. ನಿಯಮ ಬರೆದವಳು ನಾನೇ ಎಂದು ಅವನಿಗೆ ಹೇಳಲಿಲ್ಲ. "ನೋಡ್ತೀನಿ, ಆಫೀಸಲ್ಲಿ ಕೇಳ್ತೀನಿ," ಎಂದೆ.

ಕೇಳಲಿಲ್ಲ. ಪಟ್ಟಿಗೆ ಆಗ ಬೀಗ ಬಿದ್ದಿತ್ತು. ವರ್ಷಕ್ಕೆ ಎರಡು ಸಲ ಹಾಗೆ ಮಾಡುತ್ತಾರೆ. ನಡುವೆ ಒಂದಕ್ಷರ ತಿದ್ದಬೇಕಾದರೂ ತಪ್ಪು ಯಾರದು, ಹೇಗಾಯಿತು ಎಂದು ಬರೆದು ಮ್ಯಾನೇಜರ್ ಒಪ್ಪಿಗೆ ಪಡೆಯಬೇಕು. ಹೊಸ ವರ್ಷದ ಮೊದಲ ವಾರದಲ್ಲೇ ಇಬ್ಬರು ಕಾಂಟ್ರಾಕ್ಟರುಗಳನ್ನು ಮನೆಗೆ ಕಳಿಸಿದ್ದರು. ವೀಸಾದಲ್ಲಿರುವವರಿಗೆ ಕೆಲಸ ಹೋದರೆ ಅರವತ್ತು ದಿನ. ಅಷ್ಟರಲ್ಲಿ ಇನ್ನೊಂದು ಸಿಗದಿದ್ದರೆ ದೇಶ ಬಿಡಬೇಕು. ನನ್ನ ವೀಸಾ ಬಿದ್ದರೆ ಶ್ರೀಧರನ ವೀಸಾದ ಮಾತೇ ಇಲ್ಲ. ಅವನನ್ನೂ ಕೇಳಿದೆ.

"ಸುಮ್ನಿರು ಕಣೇ," ಎಂದ. "ಈಗ ಹೋಗಿ ನಂದೇ ತಪ್ಪು ಅಂತ ಯಾಕೆ ಹೇಳ್ತೀಯ? ಬೇರೆ ಏನಾದ್ರೂ ದಾರಿ ಇರತ್ತೆ, ನೋಡು."

ಅವನನ್ನು ದೂರಲಾರೆ. ನನಗೆ ಕೇಳಬೇಕಿದ್ದ ಮಾತನ್ನೇ ಅವನು ಹೇಳಿದ.

ಫೆಬ್ರವರಿಯ ಒಂದು ಶನಿವಾರ ಚಿತ್ರಾನ್ನ ಮಾಡಿ ಡಬ್ಬಿಗೆ ತುಂಬಿಕೊಂಡು ಕೊಲ್ಲಿಯ ದಡಕ್ಕೆ ಡ್ರೈವ್ ಮಾಡಿದೆ. ಕೊಡಲಾಗದು ಎಂದು ಗೊತ್ತಿತ್ತು, ಆದರೂ ಬರಿಗೈಯಲ್ಲಿ ಹೋಗಲು ಮನಸ್ಸಾಗಲಿಲ್ಲ. ದಡದಲ್ಲಿ ನಾಯಿ ಓಡಿಸುತ್ತಿದ್ದ ಒಬ್ಬ ಮುದುಕನನ್ನು ಬಿಟ್ಟರೆ ಯಾರೂ ಇರಲಿಲ್ಲ. ಗಾಳಿ ಕಿವಿ ಕತ್ತರಿಸುವಂತಿತ್ತು. ದೂರದಲ್ಲಿ ನಾಲ್ಕೈದು ಹಡಗು, ಹೊಲದಲ್ಲಿ ಕಟ್ಟಿಹಾಕಿದ ಎಮ್ಮೆಗಳಂತೆ ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿಕೊಂಡು ನಿಂತಿದ್ದವು. ಫೋನ್ ಮಾಡಿದೆ.

"ಸೇತುವೆ ಕಡೆಯಿಂದ ಮೂರನೇದು, ಕೆಂಪು ಹೊಟ್ಟೇದು," ಎಂದ ತವಿತಾ. "ಕೈ ಬೀಸ್ತಿದೀನಿ. ಕಾಣ್ತಿದೀನಾ?"

"ಕಾಣ್ತಿದೀರಿ," ಎಂದೆ. ಹಡಗು ಕಾಣುತ್ತಿತ್ತು, ಮನುಷ್ಯ ಕಾಣುತ್ತಿರಲಿಲ್ಲ. ನಾನೂ ಶಾಲು ತೆಗೆದು ಬೀಸಿದೆ.

"ನೀವೂ ಕಾಣ್ತಿದೀರಿ ಸಿಸ್ಟರ್," ಎಂದ. ಅವನೂ ಸುಳ್ಳೇ ಹೇಳಿದನೆಂದು ನನ್ನ ಅನುಮಾನ.

ಆಮೇಲೆ ವಿಷಯಕ್ಕೆ ಬಂದ: "ಆ ಫಾರಂ ಶುಕ್ರವಾರ ಮುಚ್ತಾರೆ. ನನ್ನ ಊರು ಇನ್ನೂ ಅದರಲ್ಲಿ ಬಂದಿಲ್ಲ."

ಎದುರಿಗೆ ಹಡಗಿತ್ತು, ನಿಜ ಹೇಳಬಹುದಿತ್ತು. ನನ್ನ ಬಾಯಿಂದ ಬಂದದ್ದು ಬೇರೆಯೇ. "ಫುನಾಫುಟಿ ಅಂತ ಹಾಕಿಬಿಡಿ."

"ಅದು ನನ್ನ ಊರಲ್ಲ."

"ಗೊತ್ತು. ಎಲ್ರೂ ಹಾಗೇ ಮಾಡೋದು. ನಾನು ಕೆ.ಆರ್. ನಗರದವಳು, ಇಲ್ಲಿ ಯಾರು ಕೇಳಿದ್ರೂ ಬೆಂಗಳೂರು ಅಂತೀನಿ. ನಮ್ಮವರೆಲ್ಲ ಅಷ್ಟೇ. ಅರಸೀಕೆರೆಯವರೂ ಬೆಂಗಳೂರು, ಗದಗದವರೂ ಬೆಂಗಳೂರು."

"ಯಾರೂ ತಿರುಗಿ ಕೇಳಲ್ವಾ?"

"ಯಾರು ಕೇಳ್ತಾರೆ?"

"ನಮ್ಮಲ್ಲಿ ಕೇಳ್ತಾರೆ," ಎಂದ. "ನಮ್ಮಲ್ಲಿ ಮೊದಲು ಕೇಳೋದೇ ಅದು, ಯಾವ ದ್ವೀಪ ಅಂತ. ಹೆಸರು ಆಮೇಲೆ." ಅವನೇ ಮುಂದುವರಿಸಿದ. "ಆದ್ರೆ ಪಟ್ಟಿ ಬರೆಯೋರ ಆಫೀಸಲ್ಲಿ ಇರೋರು ನೀವು. ನೀವು ಹೇಳಿದ್ರೆ ಹಾಕ್ತೀನಿ."

"ಹಾಕಿ," ಎಂದೆ.

ಚಿತ್ರಾನ್ನವನ್ನು ಕಾರಿನಲ್ಲಿ ಹೀಟರ್ ಹಾಕಿಕೊಂಡು ನಾನೇ ತಿಂದೆ. ಒಳ್ಳೆಯ ಕೆಲಸ ಮಾಡಿದೆ ಎಂಬ ಭಾವನೆ ತಂದುಕೊಳ್ಳಲು ಮನೆಯವರೆಗೂ ಪ್ರಯತ್ನಪಟ್ಟೆ.

ಎರಡು ವಾರದ ಮೇಲೆ ಅವನ ಸಂದೇಶ ಬಂತು. ಫಾರಂನಲ್ಲಿ ಫುನಾಫುಟಿ, ಅವನ ಗುರುತಿನ ದಾಖಲೆಯಾದ ನಾವಿಕರ ಪುಸ್ತಕದಲ್ಲಿ ನಿಯುಲಕಿತ. ಎರಡೂ ತಾಳೆಯಾಗದೆ ಅವನ ಅರ್ಜಿಯನ್ನು ಪಕ್ಕಕ್ಕಿಟ್ಟಿದ್ದಾರೆ. ಈ ತಂಡಕ್ಕೆ ಹೆಸರು ಸೇರಿಸುವುದು ಮುಗಿದಿದೆ, ಮುಂದಿನ ತಂಡ ಯಾವಾಗ ಎಂದು ಯಾರಿಗೂ ಗೊತ್ತಿಲ್ಲ. ಕೊನೆಯಲ್ಲಿ, ನಾನು ಊರಿನ ಬಗ್ಗೆ ಸುಳ್ಳು ಹೇಳಿದೆ ಅನ್ನುತ್ತಿದ್ದಾರೆ ಸಿಸ್ಟರ್, ಎಂದು ಬರೆದಿದ್ದ. ನನ್ನನ್ನು ಒಂದು ಮಾತೂ ಅಂದಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಗ ಓಡಿದೆ ಡೆನಿಸ್ ಹತ್ತಿರ. ಓಡಿದೆ ಎಂದರೆ ಜೂಮ್ ಕಾಲ್ ಹಾಕಿದೆ. ಎರಡು ನಿಯಮ ನನ್ನವು, ತಪ್ಪು ನನ್ನದು, ಹೀಗೆ ಒಂದು ಊರು ಹೋಗಿದೆ ಎಂದೆಲ್ಲ ಹೇಳಿದೆ. ಅವನು ಯಾವುದೋ ತಿಂಡಿ ಅಗಿಯುತ್ತ ಕೇಳಿಸಿಕೊಂಡ. "ಓ, ಒಳ್ಳೆಯದು ಕಂಡುಹಿಡಿದೆ," ಎಂದು ಅಲ್ಲೇ ಬೀಗ ತೆಗೆಸಿ, ನಾನು ನೋಡುತ್ತಿದ್ದಂತೆಯೇ ಸರಿಮಾಡಿ ಮುಗಿಸಿದ. ವಾರಾಂತ್ಯಕ್ಕೆ ಹಿಮ ಬೀಳುತ್ತದಂತೆ, ಹಾಲು ತಂದಿಟ್ಟುಕೋ ಎಂದು ಹೇಳಿ ಕಾಲ್ ಇಟ್ಟ. ನನ್ನ ಕೆಲಸದ ಕೂದಲೂ ಕೊಂಕಲಿಲ್ಲ. ತಿಂಗಳಿಡೀ ನಾನು ಹೆದರಿದ್ದು ಯಾವುದಕ್ಕೆ ಎಂದು ಪರದೆಯನ್ನೇ ನೋಡುತ್ತ ಕೂತಿದ್ದೆ. ಹೆದರಿಕೆಗೆ ಕಾರಣವಿತ್ತು ಎಂದಾಗಿದ್ದರೆ ನನ್ನನ್ನು ನಾನು ಕ್ಷಮಿಸಿಕೊಳ್ಳುತ್ತಿದ್ದೆನೋ ಏನೋ.

ಆ ವಾರವೇ ಅವನ ಹಡಗು ಕಲ್ಲಿದ್ದಲು ತುಂಬಿಕೊಂಡು ಹೊರಟುಹೋಯಿತು. ಹಡಗುಗಳು ಎಲ್ಲಿವೆ ಎಂದು ತೋರಿಸುವ ಆ್ಯಪ್‌ನಲ್ಲಿ ಅದರ ಚುಕ್ಕೆ ಕೊಲ್ಲಿಯಿಂದ ಇಳಿದು ದಕ್ಷಿಣಕ್ಕೆ ಸರಿಯುವುದನ್ನು ನೋಡಿದೆ. ನಡುಸಮುದ್ರಕ್ಕೆ ಹೋದ ಮೇಲೆ ಚುಕ್ಕೆ ಕಾಣಿಸಲಿಲ್ಲ. ಮಧ್ಯಾಹ್ನದ ಆ ಹತ್ತು ನಿಮಿಷಕ್ಕೆ ಮತ್ತೆ ಯಾರೂ ಇರಲಿಲ್ಲ. ತಪ್ಪು ಮಾಡಿದವಳಿಗೆ ಒಂಟಿತನದ ದೂರು ಹೇಳಿಕೊಳ್ಳುವ ಹಕ್ಕೂ ಇರುವುದಿಲ್ಲ ಎಂದು ಆ ಮಾರ್ಚಿನಲ್ಲಿ ಕಲಿತೆ.

ಆಗಸ್ಟಿನಲ್ಲಿ ಶ್ರೀಧರನಿಗೆ ಸ್ಟ್ಯಾಂಪಿಂಗ್ ಆಯಿತು. ಡಲ್ಲಸ್‌ನಲ್ಲಿ ಇಬ್ಬರೂ ಹೊರಬಂದಾಗ ನಾನು ಮಂಡಿಯೂರಿ ಕೈ ಚಾಚಿದೆ. ಚಿನ್ನು ಅಪ್ಪನ ಕಾಲಿನ ಹಿಂದೆ ನಿಂತು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಅಪ್ಪಾ, ಫೋನಮ್ಮ ಇಷ್ಟ್ ದೊಡ್ಡೋಳಾ?" ಎಂದಳು. ಅವಳು ಅಂಗೈ ಅಗಲದ ನನ್ನನ್ನು ಮಾತ್ರ ನೋಡಿದ್ದಳು. ನನ್ನ ಹತ್ತಿರ ಮಲಗಲು ಒಪ್ಪಿದ್ದು ಇನ್ನೆರಡು ತಿಂಗಳ ಮೇಲೆ. ಆ ಎರಡು ತಿಂಗಳೂ ನನಗೆ ಸಮುದ್ರದಲ್ಲಿರುವ ಒಬ್ಬನ ಯೋಚನೆ ಇತ್ತು.

ಮುಂದಿನ ವರ್ಷ ಒಂದು ಸಂಜೆ ಅವನ ಫೋನ್ ಬಂತು. ತವಿತಾ ಊರು ಮುಟ್ಟಿದ್ದ. ಮಗಳಿಗೆ ಲಸಿಕೆ ಹಾಕಿಸಲು ಮೂವರೂ ಫುನಾಫುಟಿಗೆ ಬಂದಿದ್ದರು, ಅಲ್ಲಿಂದಲೇ ಮಾಡಿದ್ದ. ಹಿಂದೆ ಕೋಳಿ ಕೂಗು, ಮಕ್ಕಳ ಗಲಾಟೆ ಕೇಳಿಸುತ್ತಿತ್ತು. ದೋಣಿ ಇಳಿದಾಗ ಮಗಳು ಏನು ಮಾಡಿದಳು ಎಂದು ಕೇಳಿದೆ.

"ಅತಿಥಿ ಬಂದ್ರು ಅಂತ ಚಾಪೆ ಹಾಸಿದ್ಲು," ಎಂದು ನಕ್ಕ. ಆಮೇಲೆ, "ಆ ಚಳಿಯಲ್ಲಿ ನನ್ನ ಜೊತೆ ಮಾತಾಡ್ತಿದ್ದೋರು ನೀವೊಬ್ರೇ. ಥ್ಯಾಂಕ್ಸ್ ಹೇಳೋಣ ಅಂತ ಮಾಡ್ದೆ," ಎಂದ.

ಆ ಥ್ಯಾಂಕ್ಸನ್ನು ಇಟ್ಟುಕೊಳ್ಳಲು ನನ್ನಿಂದ ಆಗಲಿಲ್ಲ. ಹೇಳಿಬಿಟ್ಟೆ. ನಿಯಮ ನನ್ನದೆಂದು, ಮೊದಲ ದಿನವೇ ಗೊತ್ತಿತ್ತೆಂದು, ಹೆದರಿ ಬಾಯಿ ಮುಚ್ಚಿಕೊಂಡಿದ್ದೆನೆಂದು, ದಡದಲ್ಲಿ ನಿಂತು ಫುನಾಫುಟಿ ಹಾಕಿ ಎಂದದ್ದು ನನ್ನನ್ನು ಉಳಿಸಿಕೊಳ್ಳಲಿಕ್ಕೆಂದು, ಎಲ್ಲ ಮುಗಿದ ಮೇಲೆ ಸರಿಮಾಡಿಸಿದೆನೆಂದು. ಅವನು ಪೂರ್ತಿ ಕೇಳಿಸಿಕೊಂಡ. ಕೊನೆಗೆ ಒಂದೇ ಪ್ರಶ್ನೆ ಕೇಳಿದ.

"ಆಮೇಲೆ ಸರಿಮಾಡಿದ್ರಲ್ಲ, ಎಷ್ಟು ಹೊತ್ತು ಹಿಡೀತು?"

ಒಂದು ವಾರ ಎನ್ನಬಹುದಿತ್ತು. ತುಂಬ ಕಷ್ಟದ ಕೆಲಸ, ಹತ್ತಾರು ಜನರ ಒಪ್ಪಿಗೆ ಬೇಕಾಯಿತು ಎನ್ನಬಹುದಿತ್ತು. ಅವನಿಗೂ ಹಗುರವಾಗುತ್ತಿತ್ತು, ನನಗೂ.

"ನಾಲ್ಕು ನಿಮಿಷ," ಎಂದೆ.

"ನನಗೆ ಹನ್ನೊಂದು ತಿಂಗಳು ಹಿಡೀತು," ಎಂದ ತವಿತಾ. ದನಿಯಲ್ಲಿ ಕೋಪವಿರಲಿಲ್ಲ, ಬರೀ ನನಗೆ ಗೊತ್ತಿರಲಿ ಎಂಬಂತೆ ಹೇಳಿದ. ಆ ಕಡೆ ಒಂದು ಸಣ್ಣ ಹುಡುಗಿ ಏನೋ ಕೂಗಿದಳು, ಅವನು ಅವಳಿಗೆ ಅವರ ಭಾಷೆಯಲ್ಲಿ ಬಂದೆ ಎಂಬಂತೆ ಏನೋ ಹೇಳಿದ. ನಾನು ಫೋನ್ ಇಡಲಿಲ್ಲ. ಅವನೇ ಇಟ್ಟ.